ಸಕ್ಕರೆಯ ಕಟ್ಟಡ ಕೆಲಸ

‘ಕೆ.ಜಿ.ಗೆ ಎಷ್ಟು?’

ಮದುವೆಯ ಕೇಕ್ ಮಾಡಿಕೊಡುವವರ ಫೋನಿಗೆ ಬರುವ ಮೊದಲ ಪ್ರಶ್ನೆ ಬಹುಪಾಲು ಇದೇ. ಬೇಕರಿಯಲ್ಲಿ ತೂಕ ಹಾಕಿಸಿ ಕೊಂಡು ರೂಢಿಯಾದವರು ಹಾಗೆ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಸೀರೆಯ ಜರಿ ಅಂಚನ್ನು ಐಸಿಂಗ್‌ನಲ್ಲಿ ಎಳೆ ಎಳೆಯಾಗಿ ಬಿಡಿಸಿ, ಮಲ್ಲಿಗೆ ದಂಡೆಯ ಒಂದೊಂದು ಮೊಗ್ಗನ್ನೂ ಕೈಯಲ್ಲೇ ತೀಡಿ ಕೂರಿಸಿದ ಮೂರಂತಸ್ತಿನ ಕೇಕಿಗೆ ತಕ್ಕಡಿಯ ಲೆಕ್ಕ ಹಿಡಿಯುವುದಿಲ್ಲ. ಮೈದಾ, ಬೆಣ್ಣೆ, ಸಕ್ಕರೆಗಿಂತ ಅಲ್ಲಿ ಹೆಚ್ಚು ಖರ್ಚಾಗುವುದು ಮನುಷ್ಯರ ಹೊತ್ತು.

ಒಂದು ಕಾಲಕ್ಕೆ ನಮ್ಮಲ್ಲಿ ಮದುವೆಗೆ ಕೇಕ್ ಎಂದರೆ ಅದು ಮಂಗಳೂರಿನ ಕ್ಯಾಥೊಲಿಕರ ಮನೆಯದೋ ಬೆಂಗಳೂರಿನ ದಂಡು ಪ್ರದೇಶದ್ದೋ ಆಗಿರುತ್ತಿತ್ತು. ಉಳಿದವರಿಗೆ ಹುಟ್ಟುಹಬ್ಬದ ದಿನ ಬೇಕರಿಯ ಐಸಿಂಗ್ ಕೇಕ್. ಅದರ ಮೇಲೆ ಡಾಲ್ಡಾ ರುಚಿಯ ಗುಲಾಬಿ ಹೂವು, ಹೆಸರಿನಲ್ಲೊಂದು ಸ್ಪೆಲಿಂಗ್ ತಪ್ಪು. ಈಗ ಆರತಕ್ಷತೆ, ಸೀಮಂತ, ನಾಮಕರಣ, ಷಷ್ಟಿಪೂರ್ತಿ, ಯಾವುದಕ್ಕೂ ಕೇಕ್ ಬಂದಿದೆ. ಸೀಮಂತದ ಕೇಕಿನ ಮೇಲೆ ಹಸಿರು ಬಳೆಗಳು, ತಾತನ ಕೇಕಿನ ಮೇಲೆ ಆರಾಮಕುರ್ಚಿ ಮತ್ತು ದಿನಪತ್ರಿಕೆ. ಎಲ್ಲವೂ ತಿನ್ನುವಂಥವು, ಕಡೇಪಕ್ಷ ತಿನ್ನಬಹುದಾದಂಥವು.

ಈ ಕಸುಬಿನ ಅದ್ಧೂರಿ ಕವಲು ಬ್ರಿಟನ್ನಿನ ಅರಮನೆಯದು. 1840ರಲ್ಲಿ ವಿಕ್ಟೋರಿಯಾ ರಾಣಿಯ ಮದುವೆಗೆ ಮಾಡಿದ ಹಣ್ಣಿನ ಕೇಕ್ ಸುಮಾರು 300 ಪೌಂಡ್, ಅಂದರೆ 136 ಕಿಲೋ ತೂಗುತ್ತಿತ್ತು. ಸುತ್ತಳತೆ ಮೂರು ಗಜ, ಎತ್ತರ ಮಾತ್ರ 14 ಅಂಗುಲ. ಅಗಲಕ್ಕೆ ಬೆಳೆಸುವುದು ಗೊತ್ತಿತ್ತು, ಎತ್ತರಕ್ಕೆ ಏರಿಸುವುದು ಇನ್ನೂ ಕೈಹಿಡಿದಿರಲಿಲ್ಲ. 1858ರಲ್ಲಿ ಅವರ ಹಿರಿಯ ಮಗಳ ಮದುವೆಯ ಕೇಕ್ ಅಂತಸ್ತುಗಳಾಗಿ ಎದ್ದಿತಾದರೂ ಕೆಳಗಿನದಷ್ಟೇ ಕೇಕ್, ಮೇಲಿನದೆಲ್ಲ ಬರೀ ಸಕ್ಕರೆ. ಎಲ್ಲ ಅಂತಸ್ತುಗಳೂ ನಿಜವಾದ ಕೇಕೇ ಆಗಿದ್ದು 1882ರಲ್ಲಿ, ರಾಜಕುಮಾರ ಲಿಯೊಪೋಲ್ಡ್‌ನ ಮದುವೆಯಲ್ಲಿ. ಮೊಟ್ಟೆಯ ಬಿಳಿಭಾಗಕ್ಕೆ ಪುಡಿ ಸಕ್ಕರೆ ಕಲಸಿ ಮಾಡುವ, ಒಣಗಿದರೆ ಗಟ್ಟಿಯಾಗಿ ಸೆಟೆದುಕೊಳ್ಳುವ ಲೇಪಕ್ಕೆ ಇಂದಿಗೂ ‘ರಾಯಲ್ ಐಸಿಂಗ್’ ಎಂದೇ ಹೆಸರು.

ಇದೇ ಸಂಪ್ರದಾಯಕ್ಕೆ ಒಂದು ಬಡತನದ ಅಧ್ಯಾಯವೂ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಬ್ರಿಟನ್ ಸರ್ಕಾರ ಕೇಕಿಗೆ ಸಕ್ಕರೆ ಲೇಪ ಹಾಕುವುದನ್ನೇ ನಿಷೇಧಿಸಿತು. ಬೇಕರಿಯವರು ರಟ್ಟು ಮತ್ತು ಪ್ಲಾಸ್ಟರಿನಲ್ಲಿ ಮೂರಂತಸ್ತಿನ ಬಿಳಿ ಕವಚ ಮಾಡಿಟ್ಟು ಬಾಡಿಗೆಗೆ ಕೊಡತೊಡಗಿದರು. ಫೋಟೊ ಮುಗಿದ ಮೇಲೆ ಕವಚ ಎತ್ತಿದರೆ ಒಳಗೆ ಸಣ್ಣದೊಂದು ಕೇಕ್! ಯುದ್ಧ ಮುಗಿದು ಎರಡು ವರ್ಷವಾದರೂ ಪಡಿತರ ಮುಗಿದಿರಲಿಲ್ಲ. 1947ರಲ್ಲಿ ರಾಜಕುಮಾರಿ ಎಲಿಜಬೆತ್ ಮದುವೆಯಾದಾಗ ಒಂಬತ್ತು ಅಡಿ ಎತ್ತರದ, 500 ಪೌಂಡಿನ ಕೇಕಿಗೆ ಸಾಮಗ್ರಿ ಬಂದದ್ದು ಆಸ್ಟ್ರೇಲಿಯಾದ ಗರ್ಲ್ ಗೈಡ್ಸ್ ಹುಡುಗಿಯರಿಂದ. ಇಂದು ನಮ್ಮ ಕಲ್ಯಾಣಮಂಟಪಗಳಲ್ಲಿ ನಿಲ್ಲುವ ಐದಂತಸ್ತಿನ ಕೇಕುಗಳಲ್ಲೂ ಎಷ್ಟೋ ಬಾರಿ ಒಂದೋ ಎರಡೋ ಅಂತಸ್ತು ಮಾತ್ರ ಅಸಲಿ, ಉಳಿದದ್ದು ಥರ್ಮೊಕೋಲ್. ಕಸುಬಿನವರು ಅದನ್ನು ‘ಡಮ್ಮಿ’ ಎನ್ನುತ್ತಾರೆ. ಮೋಸ ಎಂದು ಮೂಗು ಮುರಿಯಬೇಕಿಲ್ಲ. ಗಿರಾಕಿಗೆ ಮೊದಲೇ ಹೇಳಿ ಮಾಡಿದರೆ ಅದು ತಿನ್ನುವವರಿಲ್ಲದ ಕೇಕನ್ನು ಕಸಕ್ಕೆ ಸುರಿಯುವುದಕ್ಕಿಂತ ಎಷ್ಟೋ ವಾಸಿ.

ಅಸಲಿ ಅಂತಸ್ತುಗಳನ್ನು ನಿಲ್ಲಿಸುವುದೇ ನಿಜವಾದ ವಿದ್ಯೆ. ಮೆತ್ತನೆಯ ಸ್ಪಂಜಿನ ಮೇಲೆ ನಾಲ್ಕು ಕಿಲೋ ಭಾರ ಇಟ್ಟರೆ ಕೆಳಗಿನದು ಕುಸಿದು ಪಕ್ಕಕ್ಕೆ ಉಬ್ಬುತ್ತದೆ. ಆದ್ದರಿಂದ ಪ್ರತಿ ಅಂತಸ್ತೂ ತನ್ನದೇ ಗಟ್ಟಿ ರಟ್ಟಿನ ಮೇಲೆ ಕೂತಿರುತ್ತದೆ. ಅದರ ಕೆಳಗಿನ ಕೇಕಿನೊಳಗೆ ಸರಿಸಮ ಎತ್ತರಕ್ಕೆ ಕತ್ತರಿಸಿದ ‘ಡೋವೆಲ್’ ಕಡ್ಡಿಗಳನ್ನು ಕಂಬಗಳ ಹಾಗೆ ಊರಿರುತ್ತಾರೆ. ಮೇಲಿನ ಭಾರ ಸ್ಪಂಜನ್ನು ಮುಟ್ಟದೆ ಕಡ್ಡಿಗಳ ಮೂಲಕ ತಳದ ಹಲಗೆಗೆ ಇಳಿಯುತ್ತದೆ. ಒಂದು ಕಡ್ಡಿ ಕೊಂಚ ಗಿಡ್ಡವಾದರೂ ಸಾಕು, ಇಡೀ ಕೇಕ್ ವಾಲಿಕೊಳ್ಳುತ್ತದೆ. ದೊಡ್ಡ ಕೇಕುಗಳನ್ನು ಜೋಡಿಸದೆ ಬಿಡಿಬಿಡಿಯಾಗಿ ಕಾರಿನಲ್ಲಿ ಒಯ್ದು ಛತ್ರದಲ್ಲೇ ನಿಲ್ಲಿಸುವುದು ವಾಡಿಕೆ. ನಮ್ಮ ರಸ್ತೆಗಳ ಹಂಪುಗಳನ್ನು ಈ ಜನ ಶಪಿಸುವಷ್ಟು ಆಂಬುಲೆನ್ಸ್ ಚಾಲಕರೂ ಶಪಿಸಲಾರರು.

ಹೊರಮೈಯ ಕೆಲಸವೂ ಪದರ ಪದರವಾಗಿಯೇ ನಡೆಯುತ್ತದೆ. ಮೊದಲು ತೆಳುವಾಗಿ ಕ್ರೀಮ್ ಸವರಿ ಉದುರುವ ಪುಡಿಯನ್ನು ಹಿಡಿದಿಡಬೇಕು. ಆಮೇಲೆ ಗನಾಶ್: ಕಪ್ಪು ಚಾಕೊಲೇಟಾದರೆ ಎರಡು ಪಾಲಿಗೆ ಒಂದು ಪಾಲು ಕ್ರೀಮ್, ಬಿಳಿಯದಾದರೆ ಮೂರು ಪಾಲಿಗೆ ಒಂದು. ಅದು ಗಟ್ಟಿಯಾದಾಗ ಅಂಚು ಚೂಪಾಗಿ ನಿಲ್ಲುತ್ತದೆ. ಅದರ ಮೇಲೆ ಫಾಂಡಂಟ್ ಎಂಬ ಸಕ್ಕರೆಯ ಕಣಕವನ್ನು ಒಬ್ಬಟ್ಟಿನಂತೆ ಲಟ್ಟಿಸಿ, ಹರಿಯದ ಹಾಗೆ, ನೆರಿಗೆ ಬೀಳದ ಹಾಗೆ ಹೊದಿಸಬೇಕು. ಇದರ ರುಚಿಯ ಬಗ್ಗೆ ಹೆಚ್ಚು ಹೇಳದಿರುವುದೇ ಲೇಸು. ನ್ಯೂಯಾರ್ಕಿನ ಹೆಸರಾಂತ ಕೇಕ್ ಕಲಾವಿದೆ, 2021ರಲ್ಲಿ ತೀರಿಕೊಂಡ ಸಿಲ್ವಿಯಾ ವೈನ್‌ಸ್ಟಾಕ್ ಫಾಂಡಂಟ್ ಬದಿಗಿಟ್ಟು ಬೆಣ್ಣೆಯ ಕ್ರೀಮನ್ನೇ ನೆಚ್ಚಿಕೊಂಡಿದ್ದರು. ತಿನ್ನುವವರ ಪರವಾಗಿ ನೋಡಿದರೆ ಅವರ ಪಕ್ಷವೇ ಸರಿ.

ವೈನ್‌ಸ್ಟಾಕ್ ಹೆಸರು ಮಾಡಿದ್ದು ಸಕ್ಕರೆ ಹೂಗಳಿಂದ. ಬೇಗ ಒಣಗುವ ‘ಗಮ್ ಪೇಸ್ಟ್’ ಹಿಟ್ಟನ್ನು ಬೆಳಕು ಹಾಯುವಷ್ಟು ತೆಳುವಾಗಿ ಲಟ್ಟಿಸಿ, ಎಸಳು ಕತ್ತರಿಸಿ, ಸ್ಪಂಜಿನ ಹಾಸಿನ ಮೇಲಿಟ್ಟು, ಗುಂಡು ತುದಿಯ ಸಲಕರಣೆಯಿಂದ ಅಂಚು ಒತ್ತಿದರೆ ಅದು ನಿಜವಾದ ಎಸಳಿನ ಹಾಗೆ ಸುರುಳುತ್ತದೆ. ಒಣಗಿದ ಮೇಲೆ ಕುಂಚದಲ್ಲಿ ಬಣ್ಣದ ಪುಡಿ ಸವರಿ, ತಂತಿಯಲ್ಲಿ ಪೋಣಿಸಿ ಕಟ್ಟುತ್ತಾರೆ. 2011ರಲ್ಲಿ ಬ್ರಿಟನ್ನಿನ ರಾಜಕುಮಾರ ವಿಲಿಯಂ ಮತ್ತು ಕೇಟ್ ಮದುವೆಗೆ ಫಿಯೋನಾ ಕೇರ್ನ್ಸ್ ಮಾಡಿದ ಎಂಟಂತಸ್ತಿನ ಕೇಕಿನ ಮೇಲೆ ಇಂಥ ಸುಮಾರು 900 ಹೂವುಗಳಿದ್ದವು. ಏಳು ವರ್ಷದ ನಂತರ ವಿಲಿಯಂ ತಮ್ಮ ಹ್ಯಾರಿಯ ಮದುವೆಗೆ ಕ್ಲೇರ್ ಟಾಕ್ ಇದೆಲ್ಲವನ್ನೂ ಬಿಟ್ಟು, 200 ನಿಂಬೆಹಣ್ಣು ಮತ್ತು 500 ಮೊಟ್ಟೆ ಬಳಸಿದ ಕೇಕಿಗೆ ತಾಜಾ ಹೂವು ಮುಡಿಸಿದರು. ಫ್ಯಾಷನ್ ಹೀಗೂ ತಿರುಗುತ್ತದೆ.

ಮೊಟ್ಟೆಯ ಮಾತು ಬಂದರೆ ಭಾರತದ ಕೇಕ್ ಡಿಸೈನರ್‌ಗಳ ಕಷ್ಟವೇ ಬೇರೆ. ಇಲ್ಲಿ ಅರ್ಧ ಊರಿಗೆ ಎಗ್‌ಲೆಸ್ ಬೇಕು. ಮೊಟ್ಟೆಯಿಲ್ಲದ ಸ್ಪಂಜು ಮೃದುವಾಗಿ ಮುರಿಯುವುದು ಹೆಚ್ಚು. ರಾಯಲ್ ಐಸಿಂಗ್‌ನ ಜೀವವೇ ಮೊಟ್ಟೆ. ಫಾಂಡಂಟ್‌ಗೆ ಹಾಕುವ ಜೆಲಾಟಿನ್ ಪ್ರಾಣಿಮೂಲದ್ದು. ಈ ತೊಡಕಿನಿಂದಲೇ ಒಂದು ಸಾಧನೆ ಹುಟ್ಟಿತು. ಬ್ರಿಟಿಷ್ ರಾಜಮನೆತನಕ್ಕೆ ಕೇಕ್ ಅಲಂಕರಿಸಿದ ಎಡ್ಡಿ ಸ್ಪೆನ್ಸ್ ಅವರಲ್ಲಿ ಕಲಿತ ಪುಣೆಯ ಪ್ರಾಚಿ ಧಬಲ್ ದೇಬ್, ಮೊಟ್ಟೆ ಬಿಟ್ಟ ರಾಯಲ್ ಐಸಿಂಗ್ ರೂಪಿಸಿದರು. ಅದರಲ್ಲೇ ಇಟಲಿಯ ಮಿಲಾನ್ ಕ್ಯಾಥೆಡ್ರಲ್‌ನ ನೂರು ಕಿಲೋ ತೂಕದ ಪ್ರತಿಕೃತಿ ಕಟ್ಟಿ 2022ರಲ್ಲಿ ಲಂಡನ್ನಿನ ವರ್ಲ್ಡ್ ಬುಕ್ ಆಫ್ ರೆಕಾರ್ಡ್ಸ್ ಸೇರಿದರು.

ಕರ್ನಾಟಕದವರಿಗೆ ಸಕ್ಕರೆಯಲ್ಲಿ ಕಟ್ಟಡ ಕಟ್ಟುವುದು ಹೊಸದಲ್ಲ. 1936ರಿಂದ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿದ್ದ ನೀಲಗಿರೀಸ್ ಮಳಿಗೆ 1970ರ ದಶಕದಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಶುರುಮಾಡಿದ ಕೇಕ್ ಶೋ ಬೆಳೆಯುತ್ತ ಬಂದು 2022ರಲ್ಲಿ 48ನೆಯದನ್ನು ಕಂಡಿತು. ಹಲವು ವರ್ಷ ಸೇಂಟ್ ಜೋಸೆಫ್ಸ್ ಇಂಡಿಯನ್ ಹೈಸ್ಕೂಲ್ ಮೈದಾನದಲ್ಲಿ ನಡೆದ ಈ ಪ್ರದರ್ಶನದ ಹಿಂದಿನ ದೊಡ್ಡ ಹೆಸರು ಸಿ. ರಾಮಚಂದ್ರನ್. 2022ರ ಪ್ರದರ್ಶನದಲ್ಲಿ, ಅದೇ ವರ್ಷ ಅಗಲಿದ ಎಲಿಜಬೆತ್ ರಾಣಿಯೂ ಆಳೆತ್ತರದ ಸಕ್ಕರೆ ಮೂರ್ತಿಯಾಗಿ ಅಲ್ಲಿ ನಿಂತಿದ್ದರು. ಇವು ತಿನ್ನಲು ಮಾಡಿದವಲ್ಲ. ಕಲಿಯುವ ಕೈಗಳಿಗೆ ಪರೀಕ್ಷೆ. 2012ರಲ್ಲಿ ಆರಂಭವಾದ ಲವೋನ್ ಅಕಾಡೆಮಿಯಂಥ ಖಾಸಗಿ ಶಾಲೆಗಳೂ ಬೆಂಗಳೂರಿನಲ್ಲಿವೆ. ಬೇಕರಿಯ ಮೂಲಪಾಠಕ್ಕಾದರೆ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ತರಬೇತಿ ಕೇಂದ್ರವಿದೆ.

ಶಾಲೆಯಲ್ಲಿ ಕಲಿತರೂ ಹವೆಯ ಪಾಠವನ್ನು ಊರೇ ಕಲಿಸಬೇಕು. ಸಕ್ಕರೆ ಗಾಳಿಯ ತೇವ ಹೀರುತ್ತದೆ. ಬೆಂಗಳೂರಿನ ಫೆಬ್ರವರಿಯಲ್ಲಿ ಗರಿಗರಿಯಾಗಿ ನಿಲ್ಲುವ ಎಸಳು ಮಂಗಳೂರಿನ ಜೂನ್‌ನಲ್ಲಿ ಸೋತು ಬಾಗುತ್ತದೆ. ಫ್ರಿಜ್ಜಿನಿಂದ ತೆಗೆದ ಫಾಂಡಂಟ್ ಕೇಕ್ ಹೊರಗಿನ ಸೆಕೆಗೆ ಬೆವರಿ ಅಂಟಂಟಾಗುತ್ತದೆ, ಬಣ್ಣ ಇಳಿಯುತ್ತದೆ. ಬೆಣ್ಣೆಯೋ, 32ರಿಂದ 35 ಡಿಗ್ರಿಗೆ ಕರಗಿಯೇ ಬಿಡುತ್ತದೆ. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ತೆರೆದ ಪೆಂಡಾಲಿನಡಿ ಕ್ರೀಮ್ ಕೇಕ್ ಇಡುತ್ತೇನೆಂದು ಒಪ್ಪಿಕೊಳ್ಳುವವರು ಧೈರ್ಯವಂತರೋ ಹೊಸಬರೋ ಆಗಿರಬೇಕು.

ಬಣ್ಣದ ಕಡೆಗೂ ಕಣ್ಣಿರಲಿ. 2024ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12 ಕೃತಕ ಬಣ್ಣಗಳ ಕಾರಣಕ್ಕೆ ಸುರಕ್ಷಿತವಲ್ಲ ಎಂದು ಕಂಡುಬಂತು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್‌ನಂಥ ಕೇಕುಗಳ ಹೆಸರು ಆಗ ಹೆಚ್ಚಾಗಿ ಕೇಳಿಬಂದಿತ್ತು. ಕಡುಗೆಂಪು, ಕಡುಗಪ್ಪು ಬರಿಸಲು ಬಣ್ಣ ಹೆಚ್ಚು ಸುರಿಯಬೇಕಾಗುತ್ತದೆ. ತಿಳಿ ಬಣ್ಣದ ಕೇಕ್ ಕೇಳಿದರೆ ನೋಟಕ್ಕೂ ಚೆನ್ನ, ಹೊಟ್ಟೆಗೂ ಕ್ಷೇಮ.

ಮನೆಯಲ್ಲೊಂದು ಸಮಾರಂಭವಿದ್ದರೆ ಬೆಲೆಗಿಂತ ಮೊದಲು ನಾಲ್ಕು ವಿವರ ಹೇಳಿ: ಎಷ್ಟು ಜನ ತಿನ್ನುತ್ತಾರೆ, ಛತ್ರಕ್ಕೆ ಎ.ಸಿ. ಇದೆಯೇ, ಎಷ್ಟು ಹೊತ್ತಿಗೆ ಕತ್ತರಿಸುತ್ತೀರಿ, ಮೊಟ್ಟೆ ಮತ್ತು ಜೆಲಾಟಿನ್ ನಡೆಯುತ್ತದೆಯೇ. ಎಫ್‌ಎಸ್‌ಎಸ್‌ಎಐ ನೋಂದಣಿ ಸಂಖ್ಯೆಯನ್ನು ಸಂಕೋಚವಿಲ್ಲದೆ ಕೇಳಿ. ಮನೆಯಿಂದ ಮಾರುವವರಿಗೂ ಅದು ಬೇಕು. ಯಾವ ಅಂತಸ್ತು ಡಮ್ಮಿ ಎಂಬುದನ್ನು ಚಾಕು ಹಿಡಿಯುವ ವಧೂವರರಿಗೆ ತಪ್ಪದೆ ತಿಳಿಸಿ. ಮೇಲಿನ ಹೂವಿಗಾಗಿ ಮಕ್ಕಳು ಕೈಚಾಚುವುದಂತೂ ಖಂಡಿತ. ಕೊಡುವ ಮುಂಚೆ ಅದರೊಳಗಿನ ತಂತಿ ತೆಗೆದಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.