ನಾಯಿಗಳಲ್ಲಿ ಒಸಡು ರೋಗ: ತಡೆಗಟ್ಟುವ ಕ್ರಮಗಳು

ಕಾವಲು ನಾಯಿ ಅನ್ನ ಮುಟ್ಟದಿದ್ದರೆ ವಯಸ್ಸಾಯಿತೆಂದು ಸುಮ್ಮನಿರಬೇಡಿ. ಮೆಲ್ಲನೆ ತುಟಿ ಎತ್ತಿ ನೋಡಿರಿ. ಬಾಯಿಯ ದುರ್ವಾಸನೆ, ಕೆಂಪಗೆ ಊದಿದ ಒಸಡು, ರಕ್ತಸ್ರಾವ ಇವು ಒಸಡು ರೋಗದ ಲಕ್ಷಣಗಳು.

ಹಲ್ಲಿಗೆ ಅಂಟುವ ಪಾಚಿಯಲ್ಲಿ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಉಜ್ಜದಿದ್ದರೆ 2-3 ದಿನಗಳಲ್ಲೇ ಅದು ಕಲ್ಲಿನಂತೆ ಗಟ್ಟಿಯಾಗತೊಡಗುತ್ತದೆ. ಒಸಡಿನ ಊತ ಪ್ರಾರಂಭದಲ್ಲಿ ವಾಸಿಯಾಗುವುದು. ಹಲ್ಲಿಗೆ ಆಧಾರವಾದ ಮೂಳೆ ಸವೆದರೆ ಮರಳಿ ಬಾರದು.

ಮರಿಯಿದ್ದಾಗಿನಿಂದಲೇ ದಿನಕ್ಕೊಮ್ಮೆ ಮೃದುವಾದ ಬ್ರಷ್ಷಿನಿಂದ ಒಸಡಿನ ಅಂಚಿನವರೆಗೂ ಉಜ್ಜುವುದನ್ನು ರೂಢಿಸಿರಿ. ನಾವು ಬಳಸುವ ಪೇಸ್ಟನ್ನು ಹಾಕಬಾರದು. ನಾಯಿ ಉಗುಳದೆ ನುಂಗುತ್ತದೆ, ಕೆಲವು ಪೇಸ್ಟುಗಳಲ್ಲಿರುವ ಕ್ಸೈಲಿಟಾಲ್ ಅದಕ್ಕೆ ವಿಷ. ಗಟ್ಟಿ ಮೂಳೆ ಕಡಿದರೆ ಹಲ್ಲು ಮುರಿದೀತು.

ಗಟ್ಟಿಯಾದ ಪಾಚಿಯನ್ನು ನೀವೇ ಕೆರೆಯದೆ ಸಮೀಪದ ಪಶುವೈದ್ಯರಿಗೆ ತೋರಿಸಿರಿ. ಬೆಂಗಳೂರಿನ ಮೆಜೆಸ್ಟಿಕ್, ಚಾಮರಾಜಪೇಟೆ ಸುತ್ತಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯುಂಟು.