ಟ್ಯಾಬ್ 59,900, ಕೆಲಸಕ್ಕೆ ಕೂರುವ ಹೊತ್ತಿಗೆ 98,700

2025ರಲ್ಲಿ ಬಂದ 11 ಇಂಚಿನ ಐಪ್ಯಾಡ್ ಏರ್‌ಗೆ ಆಗ 59,900 ರೂಪಾಯಿ. ಅದಕ್ಕೆ ಹೊಂದುವ ಮ್ಯಾಜಿಕ್ ಕೀಬೋರ್ಡ್‌ಗೆ 26,900. ಬರೆಯಲು, ಚಿತ್ರ ಬಿಡಿಸಲು ಪೆನ್ಸಿಲ್ ಪ್ರೊ ಬೇಕೆಂದರೆ ಇನ್ನೊಂದು 11,900. ಕೂಡಿದರೆ 98,700. 2025ರ ಮಾರ್ಚ್‌ನಲ್ಲಿ ಈ ಟ್ಯಾಬ್ ಹೊರಬಂದ ವಾರವೇ ಆಪಲ್ 13 ಇಂಚಿನ ಮ್ಯಾಕ್‌ಬುಕ್ ಏರ್ ಲ್ಯಾಪ್‌ಟಾಪನ್ನೂ ತಂದಿತು. ಅದರ ಬೆಲೆ ಆಗ 99,900. ಎರಡರ ನಡುವಿನ ಅಂತರ 1,200 ರೂಪಾಯಿ.

ಟ್ಯಾಬ್ ಕೊಂಡರೆ ಲ್ಯಾಪ್‌ಟಾಪ್ ಬೇಕಾಗುವುದಿಲ್ಲ ಅಲ್ಲವೇ ಎಂದು ಕೇಳುವವರು ನೋಡುವುದು ಮೊದಲ ಅಂಕಿಯನ್ನು ಮಾತ್ರ. ಬಿಲ್ ಹಾಕಿಸುವಾಗ ಎದುರಾಗುವುದು ಕೊನೆಯ ಅಂಕಿ. ಮೇಲಿನ 98,700ರಲ್ಲಿ 38,800, ಅಂದರೆ ನೂರಕ್ಕೆ 39 ಪಾಲು, ಕೀಬೋರ್ಡ್ ಮತ್ತು ಪೆನ್ಸಿಲ್‌ಗೇ ಹೋಯಿತು. ಅಗ್ಗದ ಮಾದರಿಯಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. 34,900 ರೂಪಾಯಿಯ ಸಾದಾ ಐಪ್ಯಾಡ್‌ಗೆ ಕಂಪನಿಯದೇ ಕೀಬೋರ್ಡ್ 24,900. ಟ್ಯಾಬ್‌ಗೆ ಕೊಟ್ಟ ಹಣದ ನೂರಕ್ಕೆ 71ರಷ್ಟನ್ನು ಬರೀ ಕೀಲಿಗಳಿಗೆ ಕೊಡಬೇಕು. ದೊಡ್ಡ ಪರದೆ ಬೇಕೆಂದು 13 ಇಂಚಿನ ಏರ್ ಆರಿಸಿದರೆ 79,900, ಕೀಬೋರ್ಡ್ 29,900, ಪೆನ್ಸಿಲ್ 11,900: ಒಟ್ಟು 1,21,700. ಇಲ್ಲಿ ಲ್ಯಾಪ್‌ಟಾಪೇ 21,800 ರೂಪಾಯಿ ಅಗ್ಗ. ಇವೆಲ್ಲ ಬಿಡುಗಡೆಯ ಹೊತ್ತಿನ ಪ್ರಕಟಿತ ಬೆಲೆಗಳು. ದಸರಾ, ದೀಪಾವಳಿಗೆ ಅಂಗಡಿಗಳು ಕೊಡುವ ರಿಯಾಯಿತಿ ಬೇರೆ ಲೆಕ್ಕ.

ಒಂದೇ ಬೆಲೆ ಕೊಟ್ಟು ಕೈಗೆ ಬರುವುದೇನು? 11 ಇಂಚಿನ ಟ್ಯಾಬ್‌ನಲ್ಲಿ 8 ಜಿಬಿ ರ್‍ಯಾಮ್, 128 ಜಿಬಿ ಸಂಗ್ರಹ. ಲ್ಯಾಪ್‌ಟಾಪ್‌ನಲ್ಲಿ 16 ಮತ್ತು 256, ಎರಡೂ ಇಮ್ಮಡಿ. ಬ್ಯಾಟರಿ ಟ್ಯಾಬ್‌ನಲ್ಲಿ 28.93 ವಾಟ್-ಅವರ್, ಲ್ಯಾಪ್‌ಟಾಪ್‌ನಲ್ಲಿ 53.8. ವೈಫೈನಲ್ಲಿ ಜಾಲತಾಣ ನೋಡುತ್ತಾ ಕೂತರೆ ಟ್ಯಾಬ್ 10 ಗಂಟೆ, ಲ್ಯಾಪ್‌ಟಾಪ್ 15 ಗಂಟೆ ಬಾಳುತ್ತದೆ ಎಂದು ಕಂಪನಿಯೇ ಹೇಳುತ್ತದೆ. ಪರದೆಯ ವಿಸ್ತೀರ್ಣ ಲೆಕ್ಕ ಹಾಕಿದರೆ ಟ್ಯಾಬ್‌ನದು ಸುಮಾರು 55 ಚದರ ಇಂಚು, ಲ್ಯಾಪ್‌ಟಾಪ್‌ನದು ಸುಮಾರು 84. ಎಡಕ್ಕೊಂದು ಇನ್‌ವಾಯ್ಸ್, ಬಲಕ್ಕೊಂದು ಎಕ್ಸೆಲ್ ಹಾಳೆ ಇಟ್ಟುಕೊಂಡು ದಿನವಿಡೀ ತಾಳೆ ನೋಡುವವರಿಗೆ ಆ 29 ಚದರ ಇಂಚು ಎಂದರೇನು ಎಂದು ವಿವರಿಸಬೇಕಾಗಿಲ್ಲ.

ಟ್ಯಾಬ್ ಹಗುರ ಎಂಬುದು ನಿಜ. 11 ಇಂಚಿನ ಏರ್ 460 ಗ್ರಾಂ, ಮ್ಯಾಕ್‌ಬುಕ್ 1.24 ಕಿಲೊ. ಆದರೆ ಕೀಬೋರ್ಡ್ ಜೋಡಿಸಿದ ಮೇಲೂ ಈ ಮಾತು ನಿಲ್ಲುತ್ತದೆಯೇ ನೋಡಬೇಕು. 2020ರಲ್ಲಿ ಬಂದ 12.9 ಇಂಚಿನ ಐಪ್ಯಾಡ್ ಪ್ರೊ 641 ಗ್ರಾಂ ಇತ್ತು. ಅದರ ಮ್ಯಾಜಿಕ್ ಕೀಬೋರ್ಡ್ ಸುಮಾರು 710 ಗ್ರಾಂ, ಟ್ಯಾಬ್‌ಗಿಂತ ಭಾರ. ಎರಡೂ ಸೇರಿ 1.35 ಕಿಲೊ. ಅದೇ ವರ್ಷದ ಮ್ಯಾಕ್‌ಬುಕ್ ಏರ್ 1.29 ಕಿಲೊ. ಹಗುರಾಗಲೆಂದು ಟ್ಯಾಬ್ ಕೊಂಡವರ ಹೆಗಲಿಗೆ ಲ್ಯಾಪ್‌ಟಾಪ್‌ಗಿಂತ 60 ಗ್ರಾಂ ಹೆಚ್ಚೇ ಬಿತ್ತು.

ಕಂಪನಿಯದೇ ಕೀಬೋರ್ಡ್ ಕೊಳ್ಳಬೇಕೆಂಬ ಕಟ್ಟುಪಾಡೇನೂ ಇಲ್ಲ. ಎರಡು-ಮೂರು ಸಾವಿರಕ್ಕೆ ಒಳ್ಳೆಯ ಬ್ಲೂಟೂತ್ ಕೀಬೋರ್ಡ್ ಸಿಗುತ್ತದೆ. ಆಗ 11 ಇಂಚಿನ ಏರ್ ಸುಮಾರು 63,000ಕ್ಕೆ ಮುಗಿಯುತ್ತದೆ, ಮ್ಯಾಕ್‌ಬುಕ್‌ಗಿಂತ 37,000 ಕಡಿಮೆ. ಉಳಿತಾಯ ಸಣ್ಣದಲ್ಲ. ಆದರೆ ಟ್ಯಾಬ್ ನಿಲ್ಲಿಸಲು ಸ್ಟ್ಯಾಂಡ್ ಬೇಕು, ಸ್ಟ್ಯಾಂಡ್ ಇಡಲು ಮೇಜು ಬೇಕು. ಬಸ್ಸಿನಲ್ಲಿ, ರೈಲಿನಲ್ಲಿ, ಗ್ರಾಹಕರ ಅಂಗಡಿಯ ಸ್ಟೂಲ್ ಮೇಲೆ ಕೂತು ತೊಡೆಯ ಮೇಲೆ ಟೈಪ್ ಮಾಡುವುದು ಆಗದ ಮಾತು. ಇನ್ನೊಂದು ಖರ್ಚು ಕಣ್ಣಿಗೆ ಬೀಳುವುದಿಲ್ಲ. ಮೈಕ್ರೊಸಾಫ್ಟ್ ತನ್ನ ವರ್ಡ್, ಎಕ್ಸೆಲ್ ಆ್ಯಪ್‌ಗಳಲ್ಲಿ ಕಡತ ತಿದ್ದಲು ಉಚಿತವಾಗಿ ಬಿಡುವುದು 10.1 ಇಂಚಿನವರೆಗಿನ ಪರದೆಗೆ. ಅದಕ್ಕಿಂತ ದೊಡ್ಡ ಟ್ಯಾಬ್ ಆದರೆ ವರ್ಷ ವರ್ಷ ಚಂದಾ ಕಟ್ಟಬೇಕು.

ಲ್ಯಾಪ್‌ಟಾಪ್‌ನ ಜಾಗಕ್ಕೆ ಟ್ಯಾಬ್ ಎಂಬ ಭರವಸೆಗೆ ಹತ್ತು ವರ್ಷ ದಾಟಿದೆ. ಮೊದಲ ಐಪ್ಯಾಡ್ 2010ರ ಏಪ್ರಿಲ್‌ನಲ್ಲಿ 499 ಡಾಲರ್‌ಗೆ ಮಾರಾಟಕ್ಕೆ ಬಂತು. 2012ರಲ್ಲಿ ಮೈಕ್ರೊಸಾಫ್ಟ್ ಸರ್ಫೇಸ್ ಆರ್‌ಟಿ ತಂದಿತು. ನೋಡಲು ವಿಂಡೋಸೇ ಆದರೂ ಅದರಲ್ಲಿ ಜನರು ಬಳಸುತ್ತಿದ್ದ ಹಳೆಯ ವಿಂಡೋಸ್ ತಂತ್ರಾಂಶಗಳು ಓಡುತ್ತಿರಲಿಲ್ಲ. 2013ರ ಜುಲೈನಲ್ಲಿ ಕಂಪನಿ 90 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು. 2014ರ ಸರ್ಫೇಸ್ ಪ್ರೊ 3ನ್ನು ಲ್ಯಾಪ್‌ಟಾಪ್‌ನ ಬದಲಿಗೆ ಬಳಸಬಹುದಾದ ಟ್ಯಾಬ್ ಎಂದೇ ಜಾಹೀರಾತು ಮಾಡಿದರು. ಪೂರ್ಣ ವಿಂಡೋಸ್ ಇದ್ದುದರಿಂದ ಆ ಮಾತಿಗೆ ಆಧಾರವೂ ಇತ್ತು. ಕೀಬೋರ್ಡ್‌ಗೆ ಮಾತ್ರ ಆಗಲೂ ಬೇರೆ ಹಣ, 129 ಡಾಲರ್. ಆರ್‌ಟಿ ಕಲಿಸಿದ ಪಾಠವೇ ಇಂದಿಗೂ ಈ ಲೆಕ್ಕದ ತಿರುಳು: ಯಂತ್ರದ ವೇಗಕ್ಕಿಂತ, ನಮ್ಮ ಕೆಲಸದ ತಂತ್ರಾಂಶ ಅದರಲ್ಲಿ ಓಡುತ್ತದೆಯೇ ಎಂಬುದು ಮುಖ್ಯ.

ನಮ್ಮೂರುಗಳ ತೆರಿಗೆ ಸಲಹೆಗಾರರ ಮೇಜನ್ನೇ ನೋಡಿ. ಪ್ರತಿ ತಿಂಗಳು 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ರಿಟರ್ನ್ ಸಲ್ಲಿಸಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್ ನೋಡುವುದು, ವಾಟ್ಸ್‌ಆ್ಯಪ್‌ನಲ್ಲಿ ಬಂದ ಬಿಲ್‌ಗಳನ್ನು ತೆರೆಯುವುದು, ಪೋರ್ಟಲ್‌ಗೆ ಲಾಗಿನ್ ಆಗುವುದು, ಅಂಕಿ ತುಂಬುವುದು, ಇಷ್ಟೂ ಟ್ಯಾಬ್‌ನಲ್ಲಿ ಸರಾಗ. ಕೊನೆಗೆ ಪೋರ್ಟಲ್ ಎರಡು ಗುಂಡಿ ತೋರಿಸುತ್ತದೆ: ಒಂದು ಇವಿಸಿ (ಒಟಿಪಿ ಮೂಲಕ ದೃಢೀಕರಣ), ಇನ್ನೊಂದು ಡಿಎಸ್‌ಸಿ (ಡಿಜಿಟಲ್ ಸಹಿ). ಕಿರಾಣಿ ಅಂಗಡಿಯಂಥ ಒಬ್ಬರೇ ಮಾಲೀಕರ ವ್ಯವಹಾರವಾದರೆ ಇವಿಸಿ ಒತ್ತಿ, ಮಾಲೀಕರ ಫೋನ್‌ಗೆ ಬಂದ ಒಟಿಪಿ ಹಾಕಿದರೆ ಮುಗಿಯಿತು. ಪ್ರೈವೇಟ್ ಲಿಮಿಟೆಡ್ ಕಂಪನಿ, ಎಲ್‌ಎಲ್‌ಪಿಗಳಿಗೆ ಡಿಎಸ್‌ಸಿ ಕಡ್ಡಾಯ. ಆ ಸಹಿ ಇರುವ, ಹೆಬ್ಬೆರಳಿನಷ್ಟು ಉದ್ದದ ಟೋಕನ್ನನ್ನು ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿ, ಎಮ್‌ಸೈನರ್ ಎಂಬ ತಂತ್ರಾಂಶ ತೆರೆದು, ಪಿನ್ ಹೊಡೆಯಬೇಕು. ಎಮ್‌ಸೈನರ್ ವಿಂಡೋಸ್, ಮ್ಯಾಕ್, ಲಿನಕ್ಸ್‌ಗೆ ಇದೆ. ಐಪ್ಯಾಡ್‌ಗೆ ಇಲ್ಲ, ಆಂಡ್ರಾಯ್ಡ್‌ಗೂ ಇಲ್ಲ. ಕನ್ವರ್ಟರ್ ಹಾಕಿ ಟೋಕನ್ ಸಿಕ್ಕಿಸಿದರೂ ಅದನ್ನು ಓದುವವರು ಟ್ಯಾಬ್‌ನೊಳಗೆ ಯಾರೂ ಇಲ್ಲ. ನೂರಕ್ಕೆ 95 ಪಾಲು ಕೆಲಸ ಮುಗಿಸಿಯೂ ರಿಟರ್ನ್ ಸಲ್ಲಿಕೆಯಾಗದಿದ್ದರೆ ಆ 95ಕ್ಕೆ ಬೆಲೆಯಿಲ್ಲ; ಗಡುವು ದಾಟಿದರೆ ದಂಡ ಕಟ್ಟುವುದು ನಾವೇ.

ಟ್ಯಾಲಿಯ ಕಥೆಯೂ ಹೀಗೆಯೇ. ಬೆಂಗಳೂರಿನಲ್ಲೇ ತಯಾರಾಗುವ ಈ ಲೆಕ್ಕಪತ್ರ ತಂತ್ರಾಂಶವನ್ನು ದೇಶದ ಎಷ್ಟೋ ಅಂಗಡಿ-ಮುಂಗಟ್ಟುಗಳು ನೆಚ್ಚಿಕೊಂಡಿವೆ. ಅದು ವಿಂಡೋಸ್‌ಗಾಗಿ ಮಾಡಿದ್ದು. ಟ್ಯಾಬ್‌ನ ಬ್ರೌಸರ್‌ನಲ್ಲಿ ವರದಿ ನೋಡಬಹುದು, ಕ್ಲೌಡ್ ಬಾಡಿಗೆಗೆ ಪಡೆದು ದೂರದ ಕಂಪ್ಯೂಟರ್ ಓಡಿಸಬಹುದು, ಆದರೆ ಅದಕ್ಕೆ ತಿಂಗಳ ಬಾಡಿಗೆ ಬೇರೆ, ಇಂಟರ್ನೆಟ್ ಕಡಿದರೆ ಕೆಲಸ ನಿಂತಿತು. ಆದಾಯ ತೆರಿಗೆ ಇಲಾಖೆಯ ಎಕ್ಸೆಲ್ ಯುಟಿಲಿಟಿಗಳು ಹಾಳೆಯೊಳಗೆ ತಾನಾಗಿ ಓಡುವ ಮ್ಯಾಕ್ರೊ ಎಂಬ ಆದೇಶಗಳ ಮೇಲೆ ನಿಂತಿವೆ. ಐಪ್ಯಾಡ್ ಮತ್ತು ಆಂಡ್ರಾಯ್ಡ್‌ನ ಎಕ್ಸೆಲ್‌ನಲ್ಲಿ ಮ್ಯಾಕ್ರೊ ಓಡುವುದಿಲ್ಲ.

ಕನ್ನಡ ಡಿಟಿಪಿ ಮಾಡುವವರ ಪಾಡು ಇದಕ್ಕಿಂತ ಬಿಗಿ. 2010ರಲ್ಲಿ ಬಂದ ಐಪ್ಯಾಡ್‌ಗೆ ಕನ್ನಡ ಕೀಲಿಮಣೆ ದೊರೆತದ್ದು 2017ರ ಐಒಎಸ್ 11ರಲ್ಲಿ. ಈಗ ಯೂನಿಕೋಡ್‌ನಲ್ಲಿ ಲೇಖನ ಬರೆದು ಕಳಿಸಲು ಅಡ್ಡಿಯಿಲ್ಲ, ಬರಹಗಾರರಿಗೆ ಟ್ಯಾಬ್ ಸಾಕು. ಆದರೆ ಪುಟ ಕಟ್ಟುವವರ ಮೇಜಿಗೆ ಬನ್ನಿ. ಎಷ್ಟೋ ಮುದ್ರಣಾಲಯಗಳಲ್ಲಿ ಇಂದಿಗೂ ಪೇಜ್‌ಮೇಕರ್ ಇದೆ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದಕ್ಕೆ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ಗಳು. ಹೊಸಬರು ಇನ್‌ಡಿಸೈನ್‌ಗೆ ಹೋಗಿದ್ದಾರೆ, ಅದೂ ವಿಂಡೋಸ್ ಮತ್ತು ಮ್ಯಾಕ್‌ಗೆ ಮಾತ್ರ. ಲಗ್ನಪತ್ರಿಕೆಯಿಂದ ಹಿಡಿದು ಮಾಸಪತ್ರಿಕೆಯವರೆಗೆ ಪ್ರೆಸ್‌ಗೆ ಹೋಗುವ ಕಡತ ತಯಾರಾಗುವುದು ಅಲ್ಲಿ. ಈ ವೃತ್ತಿಯವರು ಟ್ಯಾಬ್‌ನ ಜಾಹೀರಾತು ನೋಡಿ ಹಣ ಹಾಕಬಾರದು.

ಮದುವೆ ವಿಡಿಯೊ ಮಾಡುವವರಿಗೆ ತಂತ್ರಾಂಶದ ಕೊರತೆಯಿಲ್ಲ. ಡಾವಿಂಚಿ ರಿಸಾಲ್ವ್ 2022ರ ಕೊನೆಯಲ್ಲಿ, ಫೈನಲ್ ಕಟ್ ಪ್ರೊ 2023ರ ಮೇನಲ್ಲಿ ಐಪ್ಯಾಡ್‌ಗೆ ಬಂದವು. ಅವರನ್ನು ಕಟ್ಟಿಹಾಕುವುದು ಕಡತದ ಗಾತ್ರ. ಸೆಕೆಂಡಿಗೆ 100 ಮೆಗಾಬಿಟ್ ಗತಿಯಲ್ಲಿ 4ಕೆ ಚಿತ್ರೀಕರಿಸಿದರೆ ನಿಮಿಷಕ್ಕೆ 750 ಎಂಬಿ. ಆರತಕ್ಷತೆ, ಧಾರೆ, ಊಟದ ಪಂಕ್ತಿ ಎಲ್ಲ ಸೇರಿ 4 ಗಂಟೆ ಹಿಡಿಯಿರಿ: ಒಂದು ಕ್ಯಾಮೆರಾದಿಂದಲೇ 180 ಜಿಬಿ, ಎರಡಾದರೆ 360. ಟ್ಯಾಬ್‌ನ ಸಂಗ್ರಹ 128. ಹೊರಗಿನ ಡ್ರೈವ್ ಜೋಡಿಸಬಹುದು, ಆದರೆ ಐಪ್ಯಾಡ್‌ಗೆ ಇರುವುದು ಒಂದೇ ಕಿಂಡಿ. ಮ್ಯಾಜಿಕ್ ಕೀಬೋರ್ಡ್ ಇಲ್ಲದೆ ಡ್ರೈವ್ ಹಾಕಿದರೆ ಚಾರ್ಜರ್‌ಗೆ ಜಾಗವಿಲ್ಲ, ಹಬ್ ಕೊಳ್ಳಬೇಕು. ಸಾದಾ ಐಪ್ಯಾಡ್‌ನ ಕಿಂಡಿ ಯುಎಸ್‌ಬಿ 2ರ ವೇಗದ್ದು, ಸೆಕೆಂಡಿಗೆ ಹೆಚ್ಚೆಂದರೆ 60 ಎಂಬಿ. ಆ 180 ಜಿಬಿ ಹರಿಯಲು ಕಾಗದದ ಲೆಕ್ಕದಲ್ಲೇ 50 ನಿಮಿಷ. ಬಾಡಿಗೆಯ ಬಾಬತ್ತೂ ಇದೆ: ಐಪ್ಯಾಡ್‌ನ ಫೈನಲ್ ಕಟ್ ಬಂದಾಗ ವರ್ಷಕ್ಕೆ 49 ಡಾಲರ್ ಚಂದಾ, ಮ್ಯಾಕ್‌ನದು ಒಮ್ಮೆ ಕೊಟ್ಟರಾಯಿತು ಎಂಬಂಥ 299.99. ಆ ದರದಲ್ಲಿ ಆರು ವರ್ಷ ಬಳಸಿದರೆ ಎರಡೂ ಹೆಚ್ಚುಕಡಿಮೆ ಒಂದೇ.

ಹಾಗಾದರೆ ಟ್ಯಾಬ್ ಗೆದ್ದದ್ದು ಎಲ್ಲಿ? ಕಾಗದದ ಎದುರು. 2013ರಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ಪೈಲಟ್‌ಗಳು ಹೊರುತ್ತಿದ್ದ ಸುಮಾರು 16 ಕಿಲೊ ತೂಕದ ನಕ್ಷೆ-ಕೈಪಿಡಿಗಳ ಚೀಲ ತೆಗೆದುಹಾಕಿ ಐಪ್ಯಾಡ್ ಕೊಟ್ಟಿತು. ವರ್ಷಕ್ಕೆ 4 ಲಕ್ಷ ಗ್ಯಾಲನ್, ಅಂದರೆ ಸುಮಾರು 15 ಲಕ್ಷ ಲೀಟರ್ ಇಂಧನ, 12 ಲಕ್ಷ ಡಾಲರ್ ಉಳಿತಾಯ ಎಂಬುದು ಕಂಪನಿಯ ಅಂದಾಜು. ನಮ್ಮ ವಕೀಲರ ಲೆಕ್ಕವೂ ಇದೇ ಜಾಡಿನದು. 75 ಜಿಎಸ್‌ಎಂನ ಒಂದು ಎ4 ಹಾಳೆ ಸುಮಾರು 4.7 ಗ್ರಾಂ. ಸಾವಿರ ಹಾಳೆಯ ಕಟ್ಟು 4.7 ಕಿಲೊ. ಅದೇ ಕಟ್ಟು ಪಿಡಿಎಫ್ ಆಗಿ ಟ್ಯಾಬ್‌ಗೆ ಬಂದರೆ 460 ಗ್ರಾಂ ಮೀರುವುದಿಲ್ಲ, ಜೊತೆಗೆ ಅಂಚಿನಲ್ಲಿ ಪೆನ್ಸಿಲ್‌ನಿಂದ ಟಿಪ್ಪಣಿ ಬರೆಯಬಹುದು. ಪಾಠ ಮಾಡುವ ಉಪನ್ಯಾಸಕರು, ರೋಗಿಗೆ ಎಕ್ಸ್‌ರೇ ತೋರಿಸುವ ವೈದ್ಯರು, ಚಿತ್ರ ಕಲಾವಿದರು, ಸೈಟಿನಲ್ಲಿ ನಿಂತು ನಕ್ಷೆ ಬಿಚ್ಚುವ ಎಂಜಿನಿಯರ್‌ಗಳಿಗೆ ಟ್ಯಾಬ್ ಕೊಡುವ ಅನುಕೂಲವನ್ನು ಯಾವ ಲ್ಯಾಪ್‌ಟಾಪೂ ಕೊಡಲಾರದು. ಕೈಯಲ್ಲಿ ಹಿಡಿದು, ನಿಂತು, ಬೆರಳಿನಿಂದ ಮಾಡುವ ಕೆಲಸ ಅವರದು.

ಟ್ಯಾಬ್‌ಗಳು ನಿಂತಲ್ಲೇ ನಿಂತಿಲ್ಲ ಎಂಬುದನ್ನೂ ಹೇಳಬೇಕು. 2018ರಿಂದ ಸ್ಯಾಮ್‌ಸಂಗ್‌ನ ಹಲವು ಟ್ಯಾಬ್‌ಗಳಲ್ಲಿ ಕಂಪ್ಯೂಟರಿನಂಥ ಪರದೆ ಕೊಡುವ ಡೆಕ್ಸ್ ಇದೆ, ಕೆಲವು ಟ್ಯಾಬ್‌ಗಳ ಪೆಟ್ಟಿಗೆಯಲ್ಲಿ ಪೆನ್ ಸೇರಿಯೇ ಬರುತ್ತದೆ. 2020ರಲ್ಲಿ ಐಪ್ಯಾಡ್‌ಗೆ ಟ್ರ್ಯಾಕ್‌ಪ್ಯಾಡ್ ಬಂತು, 2025ರ ಐಪ್ಯಾಡ್‌ಒಎಸ್ 26ರಲ್ಲಿ ಬೇಕಾದಂತೆ ಎಳೆದು ಜೋಡಿಸುವ ಕಿಟಕಿಗಳೂ ಮೆನು ಪಟ್ಟಿಯೂ ಬಂದವು. ಪರದೆಯ ಇಕ್ಕಟ್ಟು ಇದರಿಂದ ಸಡಿಲಾಗಿದೆ. ಟೋಕನ್, ಟ್ಯಾಲಿ, ಇನ್‌ಡಿಸೈನ್‌ನ ತೊಡಕು ಸಡಿಲಾಗಿಲ್ಲ.

ತೆರಿಗೆಯ ಮಟ್ಟಿಗೆ ಎರಡಕ್ಕೂ ಜಿಎಸ್‌ಟಿ ನೂರಕ್ಕೆ 18. ನೋಂದಣಿ ಇರುವ ವ್ಯವಹಾರಸ್ಥರು ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹಿಂಪಡೆಯಬಹುದು. 99,900ರ ಲ್ಯಾಪ್‌ಟಾಪ್‌ನಲ್ಲಿ ತೆರಿಗೆ 15,239, ನಿಜ ಬೆಲೆ 84,661. ಆದಾಯ ತೆರಿಗೆ ಲೆಕ್ಕದಲ್ಲಿ ಕಂಪ್ಯೂಟರ್ ಸವಕಳಿ ಪ್ರತಿ ವರ್ಷ ಉಳಿದ ಮೌಲ್ಯದ ನೂರಕ್ಕೆ 40. ಮೂರು ವರ್ಷ ಪೂರ್ತಿ ಬಳಸಿದರೆ ಪುಸ್ತಕದಲ್ಲಿ ಉಳಿಯುವುದು 18,287. ವೃತ್ತಿಯ ಯಂತ್ರವನ್ನು ಸರಿಯಾದ ಬಿಲ್ ಇಲ್ಲದೆ, ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ಹಾಕಿಸದೆ ಕೊಳ್ಳುವವರು ಈ ಹಣವನ್ನು ಕೈಯಾರೆ ಬಿಟ್ಟುಕೊಡುತ್ತಾರೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಲೆಕ್ಕ. ಸಾಧಾರಣ ವಿಂಡೋಸ್ ಲ್ಯಾಪ್‌ಟಾಪ್‌ಗೆ 45,000 ಎಂದು ಹಿಡಿಯೋಣ. ಟ್ಯಾಲಿ ಓಡುತ್ತದೆ, ಟೋಕನ್ ಓದುತ್ತದೆ, ನುಡಿ ನಡೆಯುತ್ತದೆ. ಅದರ ಜೊತೆಗೆ, ಬಿಡುಗಡೆಯ ಬೆಲೆಯಲ್ಲೇ ಹೇಳುವುದಾದರೆ, 34,900ರ ಸಾದಾ ಐಪ್ಯಾಡ್, 7,900ರ ಯುಎಸ್‌ಬಿ-ಸಿ ಪೆನ್ಸಿಲ್. ಓದಲು, ಟಿಪ್ಪಣಿಗೆ, ಗ್ರಾಹಕರಿಗೆ ತೋರಿಸಲು ಇದು ಸಾಕು. ಮೂರೂ ಸೇರಿ 87,800. ಲ್ಯಾಪ್‌ಟಾಪ್‌ನ ಜಾಗ ತುಂಬಲಿ ಎಂದು ಕೊಳ್ಳುವ ಐಪ್ಯಾಡ್ ಏರ್ ಜೋಡಣೆಗಿಂತ 10,900 ಕಡಿಮೆ! ಐಪ್ಯಾಡ್ ಬದಲು 20,000ದ ಒಳಗಿನ ಆಂಡ್ರಾಯ್ಡ್ ಟ್ಯಾಬ್ ಸಾಕೆಂದರೆ ಎರಡೂ ಸೇರಿ 65,000 ದಾಟುವುದಿಲ್ಲ. ಏರ್ ಜೋಡಣೆ ಕೊಂಡು, ಆರು ತಿಂಗಳಿಗೆ ಟೋಕನ್‌ಗೋಸ್ಕರ ವಿಂಡೋಸ್ ಲ್ಯಾಪ್‌ಟಾಪನ್ನೂ ತಂದರೆ ಖರ್ಚು 1,43,700.

ಕೊಳ್ಳುವ ಮುನ್ನ ಕಳೆದ ಒಂದು ತಿಂಗಳು ನೀವು ಮಾಡಿದ ಕೆಲಸಗಳನ್ನು ಪಟ್ಟಿ ಮಾಡಿ, ಪ್ರತಿಯೊಂದರ ಕೊನೆಯ ಹಂತ ಯಾವ ತಂತ್ರಾಂಶದಲ್ಲಿ ಮುಗಿಯಿತು ಎಂದು ಎದುರಿಗೆ ಬರೆಯಿರಿ. ಎಲ್ಲವೂ ಬ್ರೌಸರ್, ಪಿಡಿಎಫ್, ಇಮೇಲ್, ಪೆನ್ಸಿಲ್‌ನಲ್ಲೇ ಮುಗಿದಿದ್ದರೆ ಟ್ಯಾಬ್ ಒಂದೇ ಸಾಕು, ಧೈರ್ಯವಾಗಿ ಕೊಳ್ಳಿ. ಒಂದೇ ಒಂದು ಸಾಲಿನಲ್ಲಿ ಡಿಎಸ್‌ಸಿ, ಟ್ಯಾಲಿ, ಮ್ಯಾಕ್ರೊ ಅಥವಾ ಪೇಜ್‌ಮೇಕರ್ ಬಂದಿದ್ದರೂ ಮೊದಲು ಲ್ಯಾಪ್‌ಟಾಪ್ ಕೊಳ್ಳಿ, ಹಣ ಉಳಿದರೆ ಟ್ಯಾಬ್.