‘ದೀರ್ಘವೃತ್ತಾಕಾರ’: ಪದರಚನೆ ಮತ್ತು ಉಚ್ಚಾರಣೆ

ಗ್ರಹಗಳ ಕಕ್ಷೆಯನ್ನು ‘ಅಂಡಾಕಾರ’ವೆಂದೂ ‘ದೀರ್ಘವೃತ್ತಾಕಾರ’ವೆಂದೂ ಬರೆಯುವುದುಂಟು. ಇವು ಸಮಾನಾರ್ಥಕಗಳಲ್ಲ. ಮೊಟ್ಟೆಯ ಒಂದು ತುದಿ ಅಗಲ, ಇನ್ನೊಂದು ಕಿರಿದು; ದೀರ್ಘವೃತ್ತದ ಎರಡು ತುದಿಗಳೂ ಸಮಾನ. ಮಂಗಳನ ಕಕ್ಷೆಗೆ ಅಂಡಾಕೃತಿಯನ್ನು ಪರೀಕ್ಷಿಸಿ ಕೈಬಿಟ್ಟ ಕೆಪ್ಲರನು 1609ರಲ್ಲಿ ಪ್ರಕಟಿಸಿದ್ದು ದೀರ್ಘವೃತ್ತವನ್ನೇ.

ಈ ಸಮಾಸದ ಘಟಕಗಳು ಮೂರು: ದೀರ್ಘ, ವೃತ್ತ, ಆಕಾರ. ‘ವೃತ್ತ’ದ ಮೂಲ ‘ತಿರುಗು’ ಎಂಬರ್ಥದ ‘ವೃತ್’ ಧಾತು. ‘ಆಕಾರ’ದ ಮೂಲ ‘ಆ’ ಉಪಸರ್ಗ ಸೇರಿದ ‘ಕೃ’ ಧಾತು. ಇವೆರಡರ ನಡುವೆ ಸವರ್ಣದೀರ್ಘ ಸಂಧಿಯಾಗಿದೆ.

ಉಚ್ಚಾರಣೆಯಲ್ಲಿ ಆರು ಘಟಕಗಳಿವೆ: ದೀರ್-ಘ-ವೃತ್-ತಾ-ಕಾ-ರ. ‘ಘ’ ಮಹಾಪ್ರಾಣ. ‘ವೃ’ ಒತ್ತಕ್ಷರವಲ್ಲ, ಋಕಾರ ಸೇರಿದ ವಕಾರ. ಆದುದರಿಂದ ಹಿಂದಿನ ‘ಘ’ ಲಘು. ಅದನ್ನು ‘ವ್ರು’ ಎಂದು ಉಚ್ಚರಿಸಿದರೆ ‘ಘ’ ಗುರುವಾಗಿ ಪದದ ಲಯವೇ ಕೆಡುತ್ತದೆ. ವಿಶೇಷಣವಾಗಿ ‘ದೀರ್ಘವೃತ್ತಾಕಾರದ ಕಕ್ಷೆ’ ಎಂಬುದು ಸಾಧುರೂಪ. ಸುಲಭವೆಂದು ‘ಅಂಡಾಕಾರ’ವನ್ನು ಆರಿಸಿಕೊಂಡರೆ ಉಚ್ಚಾರಣೆ ಹಗುರಾಗಬಹುದು, ಅರ್ಥ ಮಾತ್ರ ತಪ್ಪುತ್ತದೆ.